ಬಾಲದ ಗೂಡಿನಲ್ಲಿ ಕೂತವನು

ನಮ್ಮ ವಿಮಾನದಲ್ಲಿ ಏಳು ಜನರಿದ್ದೆವು. ಆರು ಜನರ ಗಮನವೆಲ್ಲ ಹೋಗಬೇಕಾದ ಊರಿನ ಮೇಲೆ. ಏಮಸ್ ಟಾಮ್ಕಿನ್‌ಗೆ ಮಾತ್ರ ಕಾಣುತ್ತಿದ್ದುದು ಬಿಟ್ಟು ಬಂದ ಊರು. ಬಾಲದ ತುದಿಯ ಗಾಜಿನ ಗೂಡಿನಲ್ಲಿ, ನಾಲ್ಕು ಮೆಷಿನ್‌ಗನ್ನುಗಳನ್ನು ಹಿಡಿದು, ಅವನು ಹಿಮ್ಮುಖವಾಗಿ ಕೂರುತ್ತಿದ್ದ. ಎಂಟು ಗಂಟೆ, ಕೆಲವೊಮ್ಮೆ ಒಂಬತ್ತು ಗಂಟೆ. ಕಾಲು ಚಾಚಲು ಜಾಗವಿಲ್ಲ, ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇಲ್ಲ, ಬಿಟ್ಟ ಉಸಿರು ಗಲ್ಲದ ಮೇಲೇ ಹೆಪ್ಪುಗಟ್ಟುವಷ್ಟು ಚಳಿ.

ನಾನು ಅದೇ ವಿಮಾನದ ಮೂಗಿನಲ್ಲಿ ಬೋರಲು ಮಲಗಿ ಬಾಂಬು ಬಿಡುವವನು. ಹೆಸರು ಕ್ಲೆಮೆಂಟ್ ಹೆಬ್ಡನ್. ಯುದ್ಧಕ್ಕೆ ಮುಂಚೆ ಯಾರ್ಕ್‌ಷೈರಿನಲ್ಲಿ ಬೀಜದ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. 1943ರ ಚಳಿಗಾಲದಲ್ಲಿ ಲಿಂಕನ್‌ಷೈರಿನ ವೆಲ್ಬಿ ಫೆನ್ ನೆಲೆಗೆ ಬಂದಾಗ ನನಗೆ ಇಪ್ಪತ್ತೆರಡು. ಪೈಲಟ್ ರಾಲ್ಫ್ ಡೆವೆನಿಶ್‌ಗೆ ಇಪ್ಪತ್ತೊಂದು. ಏಮಸ್‌ಗೆ ಮೂವತ್ತೊಂದಾಗಿದ್ದ ಕಾರಣಕ್ಕೆ ಎಲ್ಲರೂ ಅವನನ್ನು ತಾತ ಎಂದೇ ಕರೆಯುತ್ತಿದ್ದೆವು.

ತಾತ ಸ್ಟೋಕ್ ಊರಿನವನು. ಅಲ್ಲಿನ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲು ತಟ್ಟೆಗಳ ಅಂಚಿಗೆ ಚಿನ್ನದ ಗೆರೆ ಎಳೆಯುವುದು ಅವನ ಕೆಲಸವಾಗಿತ್ತು. ನಮ್ಮ ತಗಡಿನ ಶೆಡ್ಡಿನಲ್ಲಿ ಒಲೆಯ ಸುತ್ತ ಕೂತು ಬ್ರೆಡ್ಡು ಸುಡುವಾಗ ರಾಲ್ಫ್ ಅವನನ್ನು ಕೆಣಕುತ್ತಿದ್ದ.

"ತಾತ, ಒಂದು ತಟ್ಟೆಗೆ ಎಷ್ಟು ಹೊತ್ತು?"

"ಒಂದು ಸುತ್ತು. ಕೈ ಎತ್ತಂಗಿಲ್ಲ, ಉಸಿರು ಬಿಡಂಗಿಲ್ಲ."

"ಸೀನು ಬಂದ್ರೆ?"

"ಸೀನಿದ ತಟ್ಟೆಗಳನ್ನೆಲ್ಲ ವಾಯುಪಡೆಗೆ ಕಳಿಸ್ತಿದ್ವಿ ಕಣೋ. ನೀನು ಉಣ್ಣೋದು ಅದರಲ್ಲೇ."

ಮೂವತ್ತು ಸಲ ಹೋಗಿ ಬಂದವರಿಗೆ ಬಿಡುಗಡೆ ಎಂಬುದು ಅಲ್ಲಿನ ನಿಯಮ. ನಾವು ಅಲ್ಲಿದ್ದ ಮೊದಲ ಆರು ವಾರಗಳಲ್ಲಿ ನಮ್ಮ ಶೆಡ್ಡಿನ ಇನ್ನೊಂದು ತಂಡದ ಮಂಚಗಳು ಎರಡು ಸಲ ಖಾಲಿಯಾಗಿ ಎರಡು ಸಲ ತುಂಬಿದವು. ಹೊಸಬರ ಹೆಸರು ಕೇಳುವುದನ್ನೇ ನಾವು ಬಿಟ್ಟೆವು.

ಹನ್ನೊಂದನೆಯ ಸಲ ಹೊರಟದ್ದು ಬರ್ಲಿನ್‌ಗೆ. ಅಲ್ಲಿಗೆ ಅದು ನಮ್ಮ ನಾಲ್ಕನೆಯ ಯಾತ್ರೆ. ನಗರದ ಮೇಲೆ ದಟ್ಟ ಮೋಡವಿತ್ತು. ಮುಂದೆ ಹೋದ ವಿಮಾನಗಳು ಉದುರಿಸಿದ ಕೆಂಪು ಹಸಿರು ದೀಪಗಳು ಆ ಮೋಡದ ಮೇಲೆ ತೇಲುತ್ತಿದ್ದವು. ಅವುಗಳ ಮೇಲೆಯೇ ನಾವು ಬಾಂಬು ಬಿಡಬೇಕು. ಅಲ್ಲಿಯವರೆಗೆ ವಿಮಾನ ಅಲುಗಾಡದೆ ನೇರ ಹೋಗಬೇಕು. ಗುರಿ ಹಿಡಿಯುವವನು ನಾನಾದ್ದರಿಂದ ಆ ಕೆಲವು ನಿಮಿಷ ಪೈಲಟ್ ಕೂಡ ನನ್ನ ಮಾತಿನಂತೆ ನಡೆಯಬೇಕು.

ನಮ್ಮ ಮುಂದಿದ್ದ ವಿಮಾನ ನನ್ನ ಕಣ್ಣೆದುರೇ ಸಿಡಿಯಿತು. ಅದು ಬಿದ್ದದ್ದನ್ನು ನಾನು ನೋಡಲಿಲ್ಲ. ಅದು ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಅಷ್ಟೇ. ದೀಪಗಳು ಇನ್ನೂ ಮೂರು ನಿಮಿಷದ ದೂರದಲ್ಲಿದ್ದವು. ಬಾಂಬು ಕೋಣೆಯ ಬಾಗಿಲು ತೆರೆದಿತ್ತು. ನನ್ನ ಹೆಬ್ಬೆರಳು ಗುಂಡಿಯನ್ನು ಒತ್ತಿತು. ಹೆಬ್ಬೆರಳು ಒತ್ತಿತು ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಒತ್ತಿದ್ದು ನಾನು.

"ಬಾಂಬು ಹೋಯ್ತು," ಎಂದೆ.

"ಆಗಲೇ?" ಎಂದ ರಾಲ್ಫ್, ಕಿವಿಯ ಟೆಲಿಫೋನಿನಲ್ಲಿ.

"ಹೋಯ್ತು ಸ್ಕಿಪ್ಪರ್. ತಿರುಗಿಸು."

ಅವನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳುವ ಮನಸ್ಸು ಅವನಿಗೂ ಇರಲಿಲ್ಲ. ಬಾಂಬು ಬಿಟ್ಟ ಜಾಗದ ಫೋಟೋ ತಂತಾನೇ ತೆಗೆಯುವ ಕ್ಯಾಮೆರಾ ಹೊಟ್ಟೆಯಡಿ ಇತ್ತು. ಮರುದಿನ ನೋಡಿದರೆ ಅದರಲ್ಲಿ ಮೋಡ ಬಿಟ್ಟು ಬೇರೇನೂ ಇರಲಿಲ್ಲ. ಆ ದಿನ ಎಲ್ಲರ ಫೋಟೋದಲ್ಲೂ ಮೋಡವೇ. ನಾನು ಬಚಾವಾದೆ.

ಆದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ತಾತ ನನ್ನ ಹಿಂದೆ ಬಂದು ನಿಂತ. "ನಿನ್ನೆ ಮೋಡದಲ್ಲಿ ಒಂದು ಕಿಂಡಿ ಇತ್ತು ಕ್ಲೆಮ್," ಎಂದ ಮೆಲ್ಲಗೆ. "ನಮ್ಮವು ಬಿದ್ದಿದ್ದು ಪೈನ್ ಮರಗಳ ಮೇಲೆ. ಒಂದು ಮನೇನೂ ಇರ್ಲಿಲ್ಲ."

ನನ್ನ ಕೈಯಲ್ಲಿದ್ದ ತಟ್ಟೆ ಕದಲಿತು. ಅವನು ಅದರ ಅಂಚಿಗೆ ಬೆರಳು ಕೊಟ್ಟು ಸರಿಮಾಡಿ, "ಆಲೂಗಡ್ಡೆ ಹಾಕಿಸ್ಕೋ, ಮುಂದೆ ಹೋಗು," ಎಂದ. ಆಮೇಲೆ ಆ ವಿಷಯ ಎತ್ತಲಿಲ್ಲ.

ಅವನು ಎತ್ತಲಿಲ್ಲವೆಂಬುದೇ ನನ್ನನ್ನು ತಿನ್ನತೊಡಗಿತು. ರಾಲ್ಫ್ ಜೊತೆ ಅವನು ನಗುತ್ತಿದ್ದರೆ ನನ್ನ ಬಗ್ಗೆಯೇ ಇರಬೇಕೆನಿಸುತ್ತಿತ್ತು. ಗುಟ್ಟು ತಿಳಿದೂ ಒಳ್ಳೆಯವನಾಗಿರುವವನನ್ನು ಸಹಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಆಗ ಗೊತ್ತಾಯಿತು.

ಹೊಸ ವರ್ಷ ಕಳೆದ ಮೇಲೆ ತಾತ ಬದಲಾದ. ಬ್ರೆಡ್ಡು ಸುಡುವಾಗ ಮಾತಿಲ್ಲ. ಒಮ್ಮೆ ತಾನಾಗಿಯೇ ಹೇಳಿದ: "ನೀವು ಬಾಂಬು ಬಿಟ್ಟು ತಿರುಗ್ತೀರಿ, ನಿಮಗೆ ಮುಗೀತು. ನಾನು ನೂರು ಮೈಲಿ ತನಕ ಅದನ್ನೇ ನೋಡ್ಕೊಂಡು ಬರಬೇಕು. ಕಣ್ಣು ಮುಚ್ಚಂಗಿಲ್ಲ, ಹಿಂದೆ ಶತ್ರು ಬರ್ತಾನೆ. ಊರು ಉರೀತಾ ಸಣ್ಣಗಾಗುತ್ತೆ, ಆದ್ರೆ ಆರಲ್ಲ."

"ಅವರು ನಮ್ಮೂರು ಸುಡಲಿಲ್ವಾ ತಾತ?" ಎಂದ ರಾಲ್ಫ್.

"ಸುಟ್ರು ಕಣಪ್ಪ. ನಾನು ಇಲ್ಲ ಅಂದ್ನಾ?"

ಫೆಬ್ರವರಿಯಲ್ಲಿ, ಹದಿನೆಂಟನೆಯ ಸಲಕ್ಕೆ, ನಮ್ಮನ್ನು ವಿಮಾನದ ಬಳಿಗೆ ಒಯ್ಯುವ ಲಾರಿ ಬಂದು ನಿಂತಿತ್ತು. ಇನ್ನೂ ಹಗಲ ಬೆಳಕಿತ್ತು. ಆರು ಜನ ಹತ್ತಿದೆವು. ತಾತ ದಪ್ಪ ಕೋಟು, ಉಣ್ಣೆಯ ಬೂಟುಗಳನ್ನೆಲ್ಲ ಹಾಕಿಕೊಂಡೇ ಕೆಳಗೆ ನಿಂತಿದ್ದ.

"ಹತ್ತು ತಾತ."

"ಇಲ್ಲ ರಾಲ್ಫ್. ನಾನು ಬರಲ್ಲ."

"ಮೈ ಸರಿ ಇಲ್ವಾ?"

"ಮೈ ಚೆನ್ನಾಗಿದೆ. ಮಾಡಲ್ಲ, ಅಷ್ಟೆ. ಬೇರೆ ಯಾರನ್ನಾದ್ರೂ ಹಾಕ್ಕೊಳ್ಳಿ."

ಲಾರಿ ಓಡಿಸುವ ಹುಡುಗಿ ಮುಖ ಆಚೆ ತಿರುಗಿಸಿಕೊಂಡಳು. ಐದು ನಿಮಿಷದೊಳಗೆ ಅವನನ್ನು ಕರೆದೊಯ್ದರು. ಆ ಸಲ ನಮಗೆ ಎರವಲು ಗನ್ನರ್ ಸಿಕ್ಕಿದ.

ಎರಡು ದಿನದ ನಂತರ ನೆಲೆಯ ಕಮಾಂಡರ್ ನನ್ನನ್ನು ಕರೆಸಿದ. ಕೋಣೆಯಲ್ಲಿ ಕಾಗದ, ಪೆನ್ನು, ಒಬ್ಬ ಬರೆದುಕೊಳ್ಳುವವ. ನನಗಿಂತ ಮುಂಚೆ ಹೋಗಿದ್ದ ರಾಲ್ಫ್, "ಟಾಮ್ಕಿನ್ ನನ್ನ ಅತ್ಯುತ್ತಮ ಗನ್ನರ್, ಸುಸ್ತಾಗಿದ್ದಾನೆ, ಒಂದು ತಿಂಗಳು ರಜೆ ಕೊಡಿ" ಎಂದು ಹೇಳಿದ್ದನಂತೆ.

"ಪೈಲಟ್ ಸ್ನೇಹಕ್ಕೆ ಹೇಳ್ತಾನೆ," ಎಂದ ಕಮಾಂಡರ್. ಕೆಟ್ಟವನಲ್ಲ, ಅವನೂ ನಿದ್ದೆಗೆಟ್ಟಿದ್ದ. "ನೀನು ಹೇಳಪ್ಪ ಹೆಬ್ಡನ್. ಈ ಮನುಷ್ಯ ಹೆದರಿದ್ದನ್ನ ನೀನು ಮೊದಲೇ ನೋಡಿದ್ಯಾ? ಇವನ ಮಾತಿಂದ ತಂಡದ ಧೈರ್ಯ ಕುಂದಿದೆಯಾ?"

ನನ್ನ ತಲೆಯಲ್ಲಿ ಒಂದೇ ಲೆಕ್ಕ. ತಾತ ಇಲ್ಲಿಯೇ ಉಳಿದರೆ, ವೈದ್ಯರು, ವಿಚಾರಣೆ, ಪ್ರಶ್ನೆಗಳು. ಯಾವತ್ತಾದರೂ ಆ ಪೈನ್ ಮರಗಳ ಮಾತು ಹೊರಬರುತ್ತದೆ. ಅವನನ್ನು ಹೇಡಿಯೆಂದು ಕಳಿಸಿಬಿಟ್ಟರೆ, ಆಮೇಲೆ ಅವನೇನು ಹೇಳಿದರೂ ಯಾರು ನಂಬುತ್ತಾರೆ?

"ಹೌದು ಸರ್," ಎಂದೆ. "ಕೆಲವು ವಾರದಿಂದ. ಅವನ ಮಾತು ಕೇಳಿ ನಮಗೂ ಒಂಥರಾ ಆಗ್ತಿತ್ತು."

ಬರೆದುಕೊಂಡವ ಕಾಗದ ತಳ್ಳಿದ. ಸಹಿ ಹಾಕಿದೆ.

ಮರುದಿನ ಬೆಳಗ್ಗೆ ಎಲ್ಲರನ್ನೂ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರು. ತಾತನನ್ನು ಟೋಪಿಯಿಲ್ಲದೆ ನಡುವೆ ನಿಲ್ಲಿಸಿ, ಅವನಲ್ಲಿ ಧೈರ್ಯದ ಕೊರತೆಯಿದೆಯೆಂದು ಗಟ್ಟಿಯಾಗಿ ಓದಿದರು. ಒಬ್ಬ ಅಧಿಕಾರಿ ಅವನ ತೋಳಿನ ಸಾರ್ಜೆಂಟ್ ಪಟ್ಟಿಗಳನ್ನು ಕಿತ್ತ. ಹೊಲಿಗೆಯನ್ನು ಮೊದಲೇ ಸಡಿಲಿಸಿದ್ದರಂತೆ. ಆದರೂ ಎಡಗೈಯದು ಬರಲಿಲ್ಲ. ಅಧಿಕಾರಿ ಎರಡು ಸಲ ಎಳೆದ. ತಾತ ತೋಳನ್ನು ಸ್ವಲ್ಪ ಎತ್ತಿ ಅವನಿಗೆ ಅನುಕೂಲ ಮಾಡಿಕೊಟ್ಟ. ಆಮೇಲೆ ಮೈದಾನದ ಉದ್ದಕ್ಕೂ ಒಬ್ಬನೇ ನಡೆದುಹೋದ. ನಮ್ಮ ಸಾಲು ದಾಟುವಾಗ ರಾಲ್ಫ್ ಅಳುತ್ತಿದ್ದ. ನಾನು ಮುಂದಿದ್ದವನ ಕಾಲರಿನ ಕೊಳೆ ನೋಡುತ್ತಿದ್ದೆ.

ತಾತನ ಜಾಗಕ್ಕೆ ಕೆನಡಾದಿಂದ ಬಂದ ಲ್ಯೂಕಸ್ ಫ್ರೇಲಿ ಎಂಬ ಹತ್ತೊಂಬತ್ತರ ಹುಡುಗ ಸೇರಿದ. ಇಪ್ಪತ್ತೆರಡನೆಯ ಸಲ ಹಿಂದಿನಿಂದ ಬಂದ ಶತ್ರು ವಿಮಾನ ಬಾಲದ ಗೂಡನ್ನು ಸೀಳಿತು. ನಾವು ಇಳಿದಾಗ ಲ್ಯೂಕಸ್ ಬದುಕಿರಲಿಲ್ಲ.

ಮೂವತ್ತು ಮುಗಿಯಿತು. ನನಗೆ ಪದಕ ಬಂತು. "ಗುರಿಯ ಮೇಲೆ ಅಚಲ ಮನಸ್ಸಿನವನು" ಎಂದು ಅದರ ಜೊತೆಯ ಕಾಗದದಲ್ಲಿತ್ತು. ಅಮ್ಮ ಅದಕ್ಕೆ ಚೌಕಟ್ಟು ಹಾಕಿಸಿದಳು.

ಯುದ್ಧ ಮುಗಿದು ಬೀಜದಂಗಡಿಗೇ ಮರಳಿದೆ. 1949ರಲ್ಲಿ ನಮ್ಮೂರ ಶಾಲೆಯವರು, ಮಕ್ಕಳಿಗೆ ಧೈರ್ಯದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಹೋದೆ, ಹೇಳಿದೆ, ಚಪ್ಪಾಳೆಯಾಯಿತು. ಮನೆಗೆ ಬಂದವನೇ ರಾಲ್ಫ್‌ಗೆ ಕಾಗದ ಬರೆದೆ. ತಾತನ ವಿಳಾಸ ತರಿಸಿಕೊಂಡು, ಮುಂದಿನ ಭಾನುವಾರ ಸ್ಟೋಕ್‌ಗೆ ರೈಲು ಹತ್ತಿದೆ.

ಬಾಗಿಲು ತೆರೆದವಳು ಅವನ ಹೆಂಡತಿ ಹಿಲ್ಡಾ. ಹೆಸರು ಹೇಳಿದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. "ಒಳಗೆ ಬನ್ನಿ, ಟೀಗೆ ಇಟ್ಟಿದೀನಿ," ಎಂದು ಅಡುಗೆಮನೆಗೆ ಹೋದಳು.

ತಾತ ಕಿಟಕಿಯ ಪಕ್ಕ ಕೂತಿದ್ದ. ಹಣೆಯ ಮೇಲೆ ಕಲ್ಲಿದ್ದಲು ಹೊಕ್ಕು ಮಾಯ್ದ ನೀಲಿ ಗಾಯದ ಗೆರೆ. ಪಟ್ಟಿ ಕಿತ್ತವರು ಅವನನ್ನು ಮೊದಲು ಕಕ್ಕಸು ತೊಳೆಯಲು, ಆಮೇಲೆ ಗಣಿಗೆ ಕಳಿಸಿದ್ದರು. ಈಗ ಮತ್ತೆ ಪಿಂಗಾಣಿ ಕಾರ್ಖಾನೆಯಲ್ಲೇ ಇದ್ದ, ಆದರೆ ತಟ್ಟೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕಡೆ.

"ದಪ್ಪ ಆಗಿದ್ಯಲ್ಲೋ ಕ್ಲೆಮ್."

"ತಾತ, ನಾನು ಆವತ್ತು ಕಮಾಂಡರ್ ಹತ್ರ..."

"ಗೊತ್ತು. ನೀನು ಬರೆದುಕೊಟ್ಟಿದ್ದನ್ನ ನನ್ನೆದುರಿಗೇ ಓದಿದ್ರು."

ನಾನು ಐದು ವರ್ಷದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಅಲ್ಲಿಗೇ ನಿಂತವು. "ಮತ್ತೆ ನೀನ್ಯಾಕೆ ಹೇಳ್ಲಿಲ್ಲ? ಆ ಪೈನ್ ಮರದ್ದು?"

"ಯಾಕೆ ಹೇಳ್ಬೇಕು? ಹದಿನೇಳು ಸಲದಲ್ಲಿ ನಾನು ಬಂದು ನೆಮ್ಮದಿಯಾಗಿ ಮಲಗಿದ್ದು ಅದೊಂದೇ ದಿನ. ನೀನು ಬೇಕಂತಲೇ ಮಾಡಿದೆ ಅಂದ್ಕೊಂಡಿದ್ದೆ. ನನಗೆ ನಿನ್ನ ಮೇಲೆ ಗೌರವ ಇತ್ತು ಕಣೋ. ಆಮೇಲೆ ಆ ಕಾಗದ ಓದಿದಾಗ ಗೊತ್ತಾಯ್ತು, ಅದು ಬರೀ ಭಯ ಅಂತ."

ನಾನು ಯಾವುದಕ್ಕೆ ನಾಚಿಕೊಂಡಿದ್ದೆನೋ ಅದಕ್ಕೇ ಅವನು ಗೌರವ ಕೊಟ್ಟಿದ್ದ. ಮೈದಾನದಲ್ಲಿ ನಿಂತಾಗ ಆ ಗೌರವವೂ ಅವನ ಬಳಿ ಉಳಿದಿರಲಿಲ್ಲ. ನನಗೆ ಕೂತ ಕುರ್ಚಿ ಬೇಡವಾಯಿತು.

"ನನ್ನ ಜಾಗಕ್ಕೆ ಯಾರು ಬಂದ್ರು?" ಎಂದ ಅವನು, ಕಿಟಕಿಯಾಚೆ ನೋಡುತ್ತ.

ಸುಳ್ಳು ಹೇಳಬಹುದಿತ್ತು. "ಒಬ್ಬ ಕೆನಡಾದ ಹುಡುಗ."

"ಇದಾನಾ?"

"ಇಲ್ಲ."

"ಗೂಡಲ್ಲೇನಾ?"

"ಹೌದು."

ಅವನು ತನ್ನ ಅಂಗೈ ನೋಡಿಕೊಂಡ. "ನಾನು ಮಾಡಿದ್ದು ಸರಿ ಅಂತ ಈಗ್ಲೂ ಅನ್ಸುತ್ತೆ," ಎಂದ. "ಆದ್ರೂ ಆ ಹುಡುಗನ ತಾಯಿ ಎದುರಿಗೆ ಬಂದ್ರೆ ನಾನು ತಲೆ ಎತ್ತಲ್ಲ."

ಅಷ್ಟರಲ್ಲಿ ಹಿಲ್ಡಾ ಟೀ, ಚೀಸ್ ಹಾಕಿದ ಓಟ್ಸ್ ರೊಟ್ಟಿ ತಂದಳು. ನನಗೆ ಬಡಿಸುತ್ತ, ಏನೋ ಸುಲಭ ಮಾಡಿಕೊಡುವವಳಂತೆ ಹೇಳಿದಳು: "ಈಗ ಇವರ ಕಿವಿ ಪರವಾಗಿಲ್ಲ. ಆವಾಗ ಸೋರ್ತಿತ್ತು ಅಂತ ತಾನೇ ವಿಮಾನದಿಂದ ಇಳಿಸಿದ್ದು."

ತಾತ ನನ್ನತ್ತ ನೋಡಲಿಲ್ಲ. ಬರೀ ಹೌದು ಎಂದಿದ್ದರೆ ಸಾಕಿತ್ತು. ನನಗೆ ಅದು ಆಗಲಿಲ್ಲ.

"ಕಿವಿ ಅಲ್ಲ," ಎಂದೆ. "ಅವರು ಹೇಡಿ ಅಂತ ನಾನು ಸಹಿ ಹಾಕಿದೆ. ಹೇಡಿ ನಾನು." ಪೈನ್ ಮರಗಳು, ಕಮಾಂಡರ್, ಮೈದಾನ, ಎಲ್ಲ ಹೇಳಿದೆ. ನಿಲ್ಲಿಸಲಾಗಲಿಲ್ಲ. ಹೇಳುತ್ತ ಹೇಳುತ್ತ ಮೈ ಹಗುರವಾಗುವುದು ನನಗೆ ಗೊತ್ತಾಗುತ್ತಿತ್ತು, ಅದಕ್ಕೂ ಅಸಹ್ಯವಾಗುತ್ತಿತ್ತು.

ತಾತ ಎದ್ದ. ಧ್ವನಿ ಏರಿಸಲಿಲ್ಲ. "ಯಾರು ಕೇಳಿದ್ರು ನಿನ್ನ? ನನ್ನ ಮನೇಲಿ ಕೂತು, ನನ್ನ ರೊಟ್ಟಿ ತಿಂತಾ?"

"ನಂಗೆ ಗೊತ್ತಿತ್ತು ಏಮಸ್," ಎಂದಳು ಹಿಲ್ಡಾ.

ಅವನು ಅವಳ ಕಡೆ ತಿರುಗಿದ.

"ಅದಾದ್ಮೇಲೆ ಮೊದಲ್ನೇ ರಜೆಗೆ ಬಂದಾಗ ನಿಮ್ಮ ಕೋಟಿನ ತೋಳಲ್ಲಿ ಪಟ್ಟಿ ಇರ್ಲಿಲ್ಲ, ಹೊಲಿಗೆ ದಾರ ಹಾಗೇ ಇತ್ತು. ಬಿಳಿ ದಾರ. ನೀವು ಮಲಗಿದ್ದಾಗ ಒಂದೊಂದೇ ಕಿತ್ತೆ, ಅಕ್ಕಪಕ್ಕದೋರು ನೋಡ್ಬಾರ್ದು ಅಂತ."

ಅವನು ಹಿತ್ತಲಿಗೆ ಹೋದ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಹಿಲ್ಡಾ ನನ್ನೆದುರಿನ ತಟ್ಟೆಯನ್ನು ತೆಗೆದಳು. "ಐದು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಇದನ್ನ ಮುಚ್ಚಿಟ್ಟುಕೊಂಡು ಸಂಸಾರ ಮಾಡಿದ್ವಿ. ನಿಮಗೆ ಅದು ಸುಳ್ಳು ಅನ್ಸಿರಬಹುದು. ನಮಗೆ ಅದು ಮರ್ಯಾದೆ." ಆಮೇಲೆ, "ನಿಮ್ಮ ರೈಲು ಎಷ್ಟು ಗಂಟೆಗೆ?" ಎಂದಳು.

ಅದೇ ವಾರ ವಾಯುಪಡೆಗೆ ಬರೆದೆ. ನನ್ನ ಹೇಳಿಕೆ ಸುಳ್ಳು, ಟಾಮ್ಕಿನ್ ಧೈರ್ಯಸ್ಥ, ಬಾಂಬುಗಳನ್ನು ಬೇಗ ಬಿಟ್ಟವನು ನಾನು ಎಂದು ಮೂರು ಹಾಳೆ. ನಾಲ್ಕು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು: ಆ ಕಡತ ಮುಗಿದಿದೆ, ಮತ್ತೆ ತೆರೆಯುವುದಿಲ್ಲ. ಇನ್ನೊಮ್ಮೆ ಬರೆದೆ. ಅದಕ್ಕೆ ಉತ್ತರವೇ ಬರಲಿಲ್ಲ. ಎರಡೂ ಪತ್ರಗಳ ಪ್ರತಿಯನ್ನು ತಾತನಿಗೆ ಅಂಚೆಯಲ್ಲಿ ಕಳಿಸಿದೆ.

ಅವನು ಏನೂ ಬರೆಯಲಿಲ್ಲ. ಆದರೆ ಆ ವರ್ಷದಿಂದ ಕ್ರಿಸ್‌ಮಸ್‌ಗೆ ಹಿಲ್ಡಾಳಿಂದ ಒಂದು ಕಾರ್ಡು ಬರುತ್ತದೆ. ತಾತನಿಗೆ ಕೆಮ್ಮು, ಪಕ್ಕದ ಬೀದಿಯಲ್ಲಿ ಹೊಸ ಮನೆಗಳು, ಹೀಗೆ ಎರಡು ಸಾಲು. ಕೆಳಗೆ ಅವಳೊಬ್ಬಳ ಹೆಸರಿರುತ್ತದೆ. ಅವನ ಸಹಿ ಯಾಕಿಲ್ಲವೆಂದು ನಾನು ಈವರೆಗೆ ಕೇಳಿಲ್ಲ.