ಅಳದ ಹುಡುಗಿಯ ತೂಕ

ರೂಪಶ್ರೀಯ ಗಂಡ ಯತೀಶನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮಾರನೆಯ ಬೆಳಿಗ್ಗೆ ಅತ್ತೆ ಎಂದಿನಂತೆ ಡೈರಿಗೆ ಹಾಲು ಹಾಕಿ ಬಂದರು. ರೂಪಶ್ರೀ ಎಂದಿನಂತೆ ನರ್ಸಿನ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಕೊಂಡಳು.

"ಇವತ್ತೇ ಓಗ್ಬೇಕೇನವ್ವ?"

"ಮನೇಲಿ ಕೂತು ಏನ್ ಮಾಡ್ಲಿ ಅತ್ತೆ."

ಬಾಗಿಲ ಹಿಂದಿನ ಗೂಟದಲ್ಲಿ ಮುಳ್ಳಿನ ತಕ್ಕಡಿ ನೇತಾಡುತ್ತಿತ್ತು. ಹೊಗೆಸೊಪ್ಪು ತೂಗುವ, ಕೆಳಗೆ ಕೊಕ್ಕೆಯಿರುವ ಗುಂಡು ತಕ್ಕಡಿ. ಪಕ್ಕದ ಹೊಲದ ಲಿಂಗರಾಜುವಿನದು. ಲಾರಿಗೆ ಸಿಕ್ಕಿ ಸಾಯುವುದಕ್ಕೆ ಕೆಲವು ದಿನ ಮುಂಚೆ ಯತೀಶ ಅದನ್ನು ಇಸಿದುಕೊಂಡು ಬಂದಿದ್ದ. "ಇದಕ್ಕೆ ಅರ್ಧ ಕೆ.ಜಿ. ಜಾಸ್ತಿ ತೋರ್ಸಿ ಸುಳ್ಳು ಹೇಳೋ ಚಾಳಿ ಕಣೇ" ಎಂದು ನಕ್ಕಿದ್ದ. ಸಂಜೆ ಬರುವಾಗ ಕೊಟ್ಟುಬಿಡೋಣ ಎಂದು ಅವಳು ಅದನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಸಾವಿನ ಮನೆಯಲ್ಲಿ ಲಿಂಗರಾಜುವೇ ಎಲ್ಲರ ಮುಂದೆ ಅವಳ ಬಗ್ಗೆ ಹೇಳಿದ್ದ: "ಗಟ್ಟಿ ಹೆಣ್ಣು ಕಣ್ರೀ. ಒಂದ್ ಅನಿ ಕಣ್ಣೀರು ಆಕ್ಲಿಲ್ಲ." ಮೆಚ್ಚಿಯೇ ಹೇಳಿದ್ದ. ಅದೇ ಮಾತನ್ನು ಬೇರೆ ದನಿಯಲ್ಲಿ ಹೇಳಿದವರೂ ಇದ್ದರು.

ಕಂಪಲಾಪುರದಿಂದ ಆಚೆ, ರಸ್ತೆ ಬದಿಯ ಚಿಕ್ಕ ಟ್ರಸ್ಟ್ ಆಸ್ಪತ್ರೆ. ತುರ್ತು ಕೋಣೆಯಲ್ಲಿ ಎರಡೇ ಮಂಚ. ಒಂದರಲ್ಲಿ ಎತ್ತಿನಗಾಡಿಯಿಂದ ಬಿದ್ದು ಕೈ ಮುರಿದುಕೊಂಡ ಹುಡುಗ ತೇಜಸ್ ಮಾಡು ಹಾರಿಹೋಗುವಂತೆ ಕಿರುಚುತ್ತಿದ್ದ. ಅವನಜ್ಜಿ ಸುಂದ್ರಮ್ಮ ಅವನಿಗಿಂತ ಜೋರು. "ಮಗ ಸಾಯ್ತಾ ಅವ್ನೆ, ಡಾಕ್ಟ್ರು ನಿಂತ್ಕೊಂಡು ನೋಡ್ತಾವ್ರೆ!" ಡಾಕ್ಟರ್ ಬಸವಪ್ರಸಾದ್ ಅವನಿಗೆ ನೋವಿನ ಇಂಜೆಕ್ಷನ್ ಕೊಟ್ಟು ಆಗಿತ್ತು.

ಇನ್ನೊಂದರಲ್ಲಿ ಐದು ವರ್ಷದ ಬೃಂದಾ ಸುಮ್ಮನೆ ಕೂತಿದ್ದಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಯ ಕಾದ ಕೊಳವೆಗೆ ಎಡಗೈ ತಗಲಿ ಮೊಣಕೈವರೆಗೆ ಬೆಂದಿತ್ತು. ಮೇಲೆ ಯಾರೋ ಟೂತ್‌ಪೇಸ್ಟ್ ಬಳಿದಿದ್ದರು. ಪಕ್ಕದಲ್ಲಿ ಅವಳ ತಾಯಿ, ಕೂಲಿಯ ಚಿಕ್ಕಬೀರಮ್ಮ. ಕಾರಿನಲ್ಲಿ ಕರೆತಂದವನು ಬ್ಯಾರನ್ನಿನ ಯಜಮಾನ ಲಿಂಗರಾಜು.

"ಭಾಳ ಗಟ್ಟಿ ಮಗ ಕಣವ್ವ ರೂಪ. ದಾರಿ ಉದ್ದಕ್ಕೂ ಪಿಟಕ್ ಅನ್ನಲಿಲ್ಲ."

"ಇವಳು ತಡ್ಕೋತಾಳೆ" ಎಂದರು ಡಾಕ್ಟರ್, ತೇಜಸ್‌ನ ಕಡೆಯಿಂದ ತಿರುಗದೆಯೇ. "ಸಿರಪ್ ಕೊಟ್ಟು ಕ್ಲೀನ್ ಮಾಡಿಬಿಡಿ ಸಿಸ್ಟರ್."

ರೂಪಶ್ರೀ ಹುಡುಗಿಯ ಮುಖ ನೋಡಲಿಲ್ಲ, ಕಾಲು ನೋಡಿದಳು. ಬೆರಳುಗಳು ಒಳಕ್ಕೆ ಮುದುಡಿ ಬಿಳುಚಿಕೊಂಡಿದ್ದವು. ಇಷ್ಟು ದಿನ ಚಪ್ಪಲಿಯೊಳಗೆ ತನ್ನ ಬೆರಳೂ ಹೀಗೇ ಮುದುಡಿಕೊಂಡಿದ್ದವೆಂದು ಅವಳಿಗೆ ಆಗಲೇ ತಿಳಿದದ್ದು.

"ಅಣ್ಣ, ಹೊರಗಿಂದ ಒಂದು ಬಾಟಲ್ ನೀರು ತಂದ್ಕೊಡಿ" ಎಂದು ಲಿಂಗರಾಜುವನ್ನು ಕಳಿಸಿ, ಚಿಕ್ಕಬೀರಮ್ಮನ ಹತ್ತಿರ ಬಗ್ಗಿದಳು. "ಮಗು ಯಾಕೆ ಅಳ್ತಿಲ್ಲ?"

ಚಿಕ್ಕಬೀರಮ್ಮ ಬಾಗಿಲ ಕಡೆ ನೋಡಿದಳು. "ನಾನೇ ಅಂದೆ ಕಣವ್ವ, ಅಳಬ್ಯಾಡ ಅಂತ. ಮಕ್ಳುನ್ನ ಬ್ಯಾರನ್ ತಾವ್ಕೆ ತರಬ್ಯಾಡಿ ಅಂತ ಯಜಮಾನ್ರು ಮೊದ್ಲೇ ಯೋಳಿದ್ರು. ಇವ್ಳು ಅತ್ರೆ ಇನ್ನೂ ಸಿಟ್ಟಾಗಿ ನಂಗೆ ಕೆಲ್ಸ ಬುಡುಸ್ತಾರೆ ಅಂತ..."

"ಮನೇಲಿ ಏನಾದ್ರೂ ಮಾತ್ರೆ ಕೊಟ್ರಾ? ಬೈಯಲ್ಲ, ಹೇಳಿ."

"ಜ್ವರದ ಮಾತ್ರೆ ಅರ್ಧ. ಈಗ್ ಬರೋವಾಗ."

ಸಿರಪ್ಪಿನಲ್ಲಿದ್ದದ್ದೂ ಅದೇ ಔಷಧ. ರೂಪಶ್ರೀ ಬಾಟಲಿಯನ್ನು ಪಕ್ಕಕ್ಕಿಟ್ಟು ಹುಡುಗಿಯ ಮುಂದೆ ಕೂತಳು. "ಮಗ, ಒಂಚೂರು ನೋಯ್ತಿದ್ರೆ ಒಂದು ಬೆರಳು ತೋರ್ಸು. ತುಂಬ ನೋಯ್ತಿದ್ರೆ ಐದೂ ತೋರ್ಸು."

ಬೃಂದಾ ತಾಯಿಯ ಮುಖ ನೋಡಿದಳು. ಆಮೇಲೆ ಬಲಗೈಯ ಐದು ಬೆರಳೂ ಬಿಡಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ, ಬೆಂದ ಎಡಗೈಯನ್ನೂ ಮೆಲ್ಲಗೆ ಎತ್ತಿ, ಅದರ ಬೆರಳುಗಳನ್ನೂ ಬಿಡಿಸಲು ನೋಡಿದಳು.

"ಸರ್, ಇಲ್ಲಿ ಬನ್ನಿ" ಎಂದಳು ರೂಪಶ್ರೀ.

ಡಾಕ್ಟರ್ ಬಂದು ಬಗ್ಗಿ ನೋಡಿದರು. "ಇವಳಿಗೂ ಇಂಜೆಕ್ಷನ್ ಕೊಟ್ಟೇ ಮುಟ್ಟೋಣ. ಐದು ವರ್ಷ ಅಂದ್ರೆ ಹದಿನೆಂಟು ಕೆ.ಜಿ. ಹಿಡಿಯಿರಿ."

"ಅಷ್ಟಿಲ್ಲ ಸರ್, ಮೈ ನೋಡಿ. ತೂಕ ಹೆಚ್ಚು ಹಿಡಿದ್ರೆ ಔಷಧ ಹೆಚ್ಚಾಗುತ್ತೆ."

"ನಮ್ಮ ಮಿಷನ್ನು ರಿಪೇರಿಗೆ ಹೋಗಿದೆಯಲ್ಲ."

ರೂಪಶ್ರೀ ಚೀಲದಿಂದ ತಕ್ಕಡಿ ತೆಗೆದಳು. ನೀರು ಹಿಡಿದು ಒಳಬಂದ ಲಿಂಗರಾಜು ಬೆರಗಾದ. "ಇದು ನಮ್ದಲ್ವಾ!"

"ಹೌದಣ್ಣ. ಮೇಲಕ್ಕೆತ್ತಿ ಹಿಡ್ಕೊಳ್ಳಿ."

ಅಂಗನವಾಡಿಯಲ್ಲಿ ಕೂಸು ತೂಗುವ ಹಾಗೆ ಮಂಚದ ಹೊದಿಕೆಯನ್ನು ಜೋಳಿಗೆ ಕಟ್ಟಿ, ಸುಟ್ಟ ಕೈ ಎಲ್ಲಿಗೂ ತಗಲದಂತೆ ಹುಡುಗಿಯನ್ನು ಅದರಲ್ಲಿ ಕೂರಿಸಿದರು. ಯಜಮಾನ ಎರಡೂ ಕೈ ಎತ್ತಿ ಕೂಲಿಯವಳ ಮಗಳನ್ನು ತೂಗಿ ಹಿಡಿದ. ಮುಳ್ಳು ಹದಿಮೂರೂವರೆಗೆ ನಿಂತಿತು.

"ಇಷ್ಟೇನಾ?" ಎಂದ ಲಿಂಗರಾಜು, ಮೆಲ್ಲಗೆ.

"ಅರ್ಧ ಕಳೀಬೇಕು ಸರ್, ಇದು ಜಾಸ್ತಿ ತೋರಿಸ್ತದೆ" ಎಂದಳು ರೂಪಶ್ರೀ. "ಹದಿಮೂರು." ಡಾಕ್ಟರ್ ಮೊದಲಿನ ಲೆಕ್ಕ ಹೊಡೆದುಹಾಕಿ ಹೊಸದಾಗಿ ಬರೆದರು.

ಇಂಜೆಕ್ಷನ್ ಕೊಟ್ಟು, ಅದು ಹಿಡಿಯಲೆಂದು ಕಾಯುವಾಗ ರೂಪಶ್ರೀ ಹುಡುಗಿಯ ಉಸಿರಾಟವನ್ನೇ ನೋಡುತ್ತ ತಲೆ ನೇವರಿಸುತ್ತಿದ್ದಳು. "ಈಗ ಅಳಬಹುದು ಮಗ. ಯಾರೂ ಏನೂ ಅನ್ನಲ್ಲ."

ಬೃಂದಾ ಬಾಯಿ ತೆರೆದಳು. ಬೆಳಗಿನಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಹೊರಬಂತು. ತೇಜಸ್ ಬೆಪ್ಪಾಗಿ ತನ್ನ ಅಳು ನಿಲ್ಲಿಸಿದ.

"ಅಯ್ಯೋ, ಸೂಜಿ ಚುಚ್ಚಿದ್ ಮ್ಯಾಲೆ ಶುರು ಅಚ್ಕೊಂಡ್ಲಲ್ಲ!" ಎಂದಳು ಸುಂದ್ರಮ್ಮ. ಚಿಕ್ಕಬೀರಮ್ಮ ಮಗಳ ಬಾಯಿಗೆ ಸೆರಗು ಒಡ್ಡಲು ಹೋದಳು.

"ಬುಡು, ಅಳ್ಲಿ" ಎಂದ ಲಿಂಗರಾಜು.

ನೋವು ಇಳಿದು ಹುಡುಗಿಯ ಕಾಲಿನ ಬೆರಳು ಸಡಿಲವಾದ ಮೇಲೇ ರೂಪಶ್ರೀ ಗಾಯಕ್ಕೆ ಕೈ ಹಚ್ಚಿದ್ದು.

ಸಂಜೆ ರೂಪಶ್ರೀ ಸ್ಕೂಟರನ್ನು ಬ್ಯಾರನ್ನಿನ ಮುಂದೆ ನಿಲ್ಲಿಸಿದಳು. ಲಿಂಗರಾಜು ಒಲೆಗೆ ಸೌದೆ ನೂಕುತ್ತಿದ್ದ.

"ಆ ಮಗ ಇನ್ಮೇಲೆ ನಮ್ಮನೆ ಜಗಲೀಲಿ ಇರ್ಲಿ ಅಂದಿವ್ನಿ. ಅವ್ಳವ್ವನ್ನ ಯಾರೂ ಬುಡುಸಕ್ಕಿಲ್ಲ" ಎಂದು, ತಕ್ಕಡಿ ಕಡೆ ನೋಡಿ ಕೈಯಾಡಿಸಿದ. "ಅದುನ್ನ ಯಾಕ್ ತಂದೆ? ಸರಿ ಮಾಡ್ಸಿ ತತ್ತೀನಿ ಅಂತ ಯತೀಶನೇ ಇಸ್ಕೊಂಡೋಗಿದ್ದ. ಇಟ್ಕೊ, ಅವಸ್ರ ಏನೈತೆ."

"ಇನ್ನು ಆಗಲ್ಲ ಅಣ್ಣ. ಇನ್ನೊಂದು ವಾರ ಇದ್ದಿದ್ರೆ ಮಾಡಿಸ್ತಿದ್ರು."

ಕೊನೆಯ ಮಾತು ಹೇಳುತ್ತ ಅವಳು ಗೋಡೆಯ ಕಡೆ ತಿರುಗಿದಳು. ಲಿಂಗರಾಜು ಸೌದೆಯ ಮೇಲಿನ ಗೋಣಿಚೀಲ ಕೊಡವಿ ಅವಳು ಕೂರಲೆಂದು ಹಾಸಿ, ತಾನು ಒಲೆಯ ಕಡೆ ತಿರುಗಿಕೊಂಡ.

ರೂಪಶ್ರೀ ಬ್ಯಾರನ್ನಿನ ಗೋಡೆಯಲ್ಲಿ ತಕ್ಕಡಿಯ ಮೊಳೆ ಎಲ್ಲಿದೆಯೆಂದು ಹುಡುಕಿದಳು. ಕಣ್ಣು ಮಂಜಾಗಿ ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ಕೈಯಿಂದ ತಡವಿ, ತಕ್ಕಡಿಯನ್ನು ತೂಗುಹಾಕಿದಳು.