ಕೇಳಿಸಿಕೊಂಡವರು

ಏಜಿಯನ್ ಕಡಲಿನ ಆ ದ್ವೀಪದಲ್ಲಿ ದೋಣಿ ಕೆಟ್ಟರೆ ಬೆಸ್ತರು ಬಂದರಿನ ಪೊಲೀಸರಿಗೆ ಫೋನ್ ಮಾಡುವವರಲ್ಲ. ಹಗ್ಗ ಎಸೆಯುವ ಮೊದಲೇ ದಂಡದ ಚೀಟಿ ಹರಿಯುತ್ತಾರೆಂಬ ಸಿಟ್ಟು. ಎಲ್ಲರೂ ಕರೆಯುವುದು ಥೆಮೆಲೀನಳ ಕಾಫಿ ಅಂಗಡಿಗೆ. ಅವಳು ಬಾಗಿಲಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು, ಇಸ್ಪೀಟು ಆಡುತ್ತಿದ್ದವರು ಎಲೆ ಎಸೆದು ದೋಣಿ ಬಿಚ್ಚುತ್ತಿದ್ದರು.

ಕೊಲ್ಲಿಯಲ್ಲಿ ಮೀನು ಸಾಕುವ ಕಂಪನಿ ಬೇಡವೆಂದು ಇವರು ಸಂಘ ಕಟ್ಟಿದ್ದೇ ತಡ, ಸರ್ಕಾರಕ್ಕೆ ದೇಶದ್ರೋಹಿಗಳಾಗಿ ಕಂಡರು. ಇವರ ಫೋನುಗಳಿಗೆ ಕಿವಿ ಇಡಲು ಅಥೆನ್ಸಿನ ಯಾವುದೋ ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ಸುದ್ದಿ ಪತ್ರಿಕೆಯಲ್ಲೇ ಬಂತು. ಅಂದಿನಿಂದ ಸಭೆ ಅಂದರೆ ಎಲ್ಲರ ಫೋನೂ, ಅಂಗಡಿಯದೂ ಸೇರಿ, ಫ್ರಿಜ್ಜಿನೊಳಗೆ.

"ಮೊಸರು, ಚೀಸು ಏನ್ ಮಾತಾಡ್ಕೊಳ್ತಾವೋ ಕೇಳ್ಕೊಳ್ಲಿ ನನ್ಮಕ್ಳು!" ಎಂದು ನಗಿಸಿದವನು ಅವಳ ತಮ್ಮ ಸಕೆಲ್ಲಾರಿಸ್‌.

ಆ ಶುಕ್ರವಾರ ಸಭೆಗೆ ಅವನೊಬ್ಬ ಬಂದಿರಲಿಲ್ಲ, ದೋಣಿ ತಗೊಂಡು ಕಡಲಿಗೆ ಹೋಗಿದ್ದ. ವಾದ ಜೋರಾಗಿತ್ತು. ಹಳೇ ಫ್ರಿಜ್ಜಿನ ಗುರುಗುರು ಸದ್ದಿನಲ್ಲಿ ಫೋನ್ ಎಷ್ಟು ಹೊಡೆದುಕೊಂಡರೂ ಯಾರಿಗೂ ಕೇಳಲಿಲ್ಲ. ಕೊನೆಗೆ ಥೆಮೆಲೀನ ಅಂಗಡಿಯ ಫೋನ್ ತೆಗೆದು ನೋಡಿದರೆ ಪರದೆ ತುಂಬ ತಮ್ಮನ ಕರೆಗಳೇ. ಊರಿನ ದೋಣಿಗಳೆಲ್ಲ ಹೊರಟವು. ಬಂಡೆಗಳ ಹತ್ತಿರ ಒಡೆದ ಹಲಗೆ ಸಿಕ್ಕಿತು. ಸ್ವಲ್ಪ ಆಚೆ ಅವನು ಸಿಕ್ಕಿದ. ಉಸಿರಿರಲಿಲ್ಲ.

ಮಣ್ಣು ಮಾಡಿ ವಾರ ತುಂಬಿರಲಿಲ್ಲ, ಬಂದರಿನ ಪೊಲೀಸ್ ನೊಮಿಕೋಸ್ ಅಂಗಡಿಗೆ ಬಂದ. ಅದೇ ಓಣಿಯವನು, ಅವಳ ಕೈತುತ್ತು ತಿಂದು ಬೆಳೆದವನು.

"ಥೆಮೆಲೀನಕ್ಕ, ಬೇಜಾರ್ ಮಾಡ್ಕೋಬೇಡ. ಮೇಲಿಂದ ಕೇಳ್ತಿದಾರೆ. ಶುಕ್ರವಾರ ಸಕೆಲ್ಲಾರಿಸ್ 'ಬೇಗ ಬನ್ರೋ, ಎಲ್ರೂ ಬನ್ರೋ' ಅಂತ ಕೂಗ್ತಿದ್ನಂತೆ. ಯಾರನ್ನ ಸೇರಿಸ್ತಿದ್ದ? ಗಲಾಟೆಗೇನಾದ್ರೂ..."

ಅವಳು ಕಾಫಿ ಪಾತ್ರೆಯನ್ನು ಒಲೆಯ ಮೇಲೆ ಕುಕ್ಕಿದಳು.

"ಕೂಗಿದ್ದು ನಿಂಗ್ಹೆಂಗೋ ಗೊತ್ತು?"

"ಅವ್ನ ಫೋನಲ್ಲೂ ಆ ಅಥೆನ್ಸಿನೋರ ಕಿವಿ ಇತ್ತಲ್ಲಕ್ಕ. ಈ ಕಡೆ ಯಾರೂ ಎತ್ತದಿದ್ರೂ ಅವ್ರಿಗೆ ಕೇಳ್ಸುತ್ತೆ."

"ಮುಳುಗ್ತಿದ್ನಲ್ಲೋ! ಕೇಳ್ತಾ ಕೂತ್ರಾ? ನಿಮ್ಗೊಂದು ಫೋನ್ ಮಾಡಕ್ಕೆ ಏನ್ ರೋಗ ಬಡಿದಿತ್ತು ಅವ್ರಿಗೆ?"

"ಗುತ್ತಿಗೇಲಿ ಅದಿಲ್ಲ. ಕೇಳಿದ್ದನ್ನ ಸೋಮವಾರ ಸರ್ಕಾರಕ್ಕೆ ಒಪ್ಪಿಸ್ಬೇಕು, ಅಷ್ಟೆ. ನಮ್ಗೆ ಬಂದಿದ್ದು ಇವತ್ತು."

"ಜೀವ ಉಳ್ಸಕ್ಕಾಗ್ಲಿಲ್ಲ, ಸತ್ತೋನ್ ಮೇಲೆ ಕೇಸ್ ಹಾಕಕ್ಕೆ ಬಂದ್ಯಾ? ತೂ, ನಿನ್ನ ಸರ್ಕಾರಕ್ಕಿಷ್ಟು ಬೆಂಕಿ ಹಾಕ!"

ನೊಮಿಕೋಸ್ ಬಾಗಿಲ ಕಡೆ ಸರಿದ. ಅವಳು ಅವನಿಗಿಂತ ಮೊದಲು ಹೋಗಿ ಅಗುಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಎಲ್ಲಿಗೆ? ಕಂಡೋರೆಲ್ಲ ಕೇಳಿದ್ದನ್ನ ಒಡಹುಟ್ಟಿದೋಳು ಕೇಳ್ಬಾರ್ದಾ? ಎಷ್ಟೊತ್ತು ಕೂಗ್ದ?"

"ತುಂಬಾ ಹೊತ್ತು, ಅಕ್ಕ."

"ನನ್ ಹೆಸ್ರು ಹಿಡಿದು ಕರೆದ್ನಾ?"

ನೊಮಿಕೋಸ್ ಟೋಪಿ ತೆಗೆದ.

"ಕೂತ್ಕೋ. ಮೊದ್ಲಿಂದ ಹೇಳು. ಒಂದ್ ಮಾತು ನುಂಗಿದ್ರೂ ಇಲ್ಲಿಂದ ಹೋಗಕ್ ಬಿಡಲ್ಲ."