ತಂಗಿಯ ಮರೆವು

ಎಂಬತ್ಮೂರನೇ ಇಸವಿಗೆ ಅರವತ್ತು ತುಂಬಿದ ರಂಗಮ್ಮ ತುಮಕೂರಿನಲ್ಲಿ ಟೀಚರಾಗಿದ್ದವಳು. ಅವಳ ಅಜ್ಜಿಗೂ ಅವ್ವನಿಗೂ ಇದೇ ವಯಸ್ಸಿಗೆ ಮರೆವು ಹಿಡಿದಿತ್ತು. ಈಗ ಅವಳಿ ತಂಗಿ ನರಸಮ್ಮನಿಗೂ ಹಿಡಿದಿದೆಯಂತೆ. ನರಸಮ್ಮ ಓದು ಬರಹ ಕಂಡವಳಲ್ಲ. ತಾನಾದರೋ ದಿನಾ ಪೇಪರ್ ಓದುವವಳು, ಮಗ್ಗಿ ಹೇಳಿಕೊಂಡು ಮೈಲಿಗಟ್ಟಲೆ ನಡೆಯುವವಳು. ತನ್ನನ್ನು ಅದು ಮುಟ್ಟಲಾರದು ಎಂದು ಧೈರ್ಯ ಹೇಳಿಕೊಳ್ಳುತ್ತಲೇ ರಂಗಮ್ಮ ಕುಣಿಗಲ್‌ನಲ್ಲಿ ಬಸ್ಸಿಳಿದಳು.

ಬಾಳೆಹಣ್ಣಿನ ಚಿಪ್ಪು ಕೈಗಿಟ್ಟಾಗ ನರಸಮ್ಮ ನಕ್ಕಳು. "ಇದೇನಕ್ಕ, ನಿನ್ನೆ ತಾನೆ ಬಂದಿದ್ಯಲ್ಲ? ಮನೇಲಿ ಕೂರಕ್ಕಾಗಲ್ವಾ ನಿಂಗೆ?"

ಪಾಪ, ಎನಿಸಿತು ರಂಗಮ್ಮನಿಗೆ. ತಂಗಿಯ ಸೊಸೆಯತ್ತ ಕಣ್ಣು ಮಿಟುಕಿಸಿ, "ಹೂಂ ಕಣೇ, ನಿನ್ನೇನೂ ಬಂದಿದ್ದೆ ಬುಡು" ಎಂದಳು.

ಸೊಸೆ ನಗಲಿಲ್ಲ. ಒಳಗಿನಿಂದ ಅಂಥದೇ ಇನ್ನೊಂದು ಚಿಪ್ಪು ತಂದು ಪಕ್ಕದಲ್ಲಿಟ್ಟಳು.

"ಹೌದು ದೊಡ್ಡತ್ತೆ," ಎಂದಳು ಮೆಲ್ಲಗೆ. "ಮೊನ್ನೇನೂ ಬಂದಿದ್ರಿ."